ಗೂಡಿನಿಂದ ಬಿಟ್ಟ ನಾಯಿಮರಿ: ಮೊಂಡುತನವಲ್ಲ, ಕೂಡಿಟ್ಟ ಚೈತನ್ಯ

ಹಗರಿಬೊಮ್ಮನಹಳ್ಳಿ: ಹಗಲೆಲ್ಲ ಗೂಟಕ್ಕೆ ಕಟ್ಟಿದ್ದ ಎಳಗರುವನ್ನು ಸಂಜೆ ಬಿಚ್ಚಿದಾಗ ಅದು ಬಾಲವೆತ್ತಿ ಅಂಗಳದ ತುಂಬ ಚಂಗನೆ ನೆಗೆದಾಡುತ್ತದೆ. ಅದನ್ನು ಕಂಡು ಯಾವ ರೈತನೂ ಮೊಂಡು ಕರುವೆಂದು ದೂರುವುದಿಲ್ಲ. ಆದರೆ ಪಟ್ಟಣದ ಮನೆಯಲ್ಲಿ ಗೂಡಿನಿಂದ ಹೊರಬಂದ ನಾಯಿಮರಿ ಹಾಗೆಯೇ ನೆಗೆದರೆ ಅದಕ್ಕೆ ದೊರೆಯುವುದು ಗದರಿಕೆ, ಏಟು ಅಥವಾ ಮತ್ತೆ ಗೂಡು. 'ಇದನ್ನು ಸಾಕುವುದು ನಮ್ಮಿಂದಾಗದು' ಎಂದು ಮರಿಯನ್ನು ಬೀದಿಗೆ ಬಿಡುವ ನಿರ್ಧಾರ ಮೊಳೆಯುವುದೂ ಇಂತಹ ಸಂಜೆಗಳಲ್ಲಿಯೇ.

ಶಾಸನಗಳಲ್ಲಿ ಕೋಗಳಿ-500 ಎಂದು ಹೆಸರಾಗಿದ್ದ, ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಕುರಿ ಸಾಕಣೆ ಹಳೆಯ ಕಸುಬು. ಕುರಿಗಾಹಿಗಳ ಹಿಂದೆ ಬೆಳೆಯುವ ನಾಯಿಮರಿಗೆ ಗೂಡಿನ ಪರಿಚಯವೇ ಇರುವುದಿಲ್ಲ. ಹಿಂಡಿನೊಡನೆ ಅಲೆದು, ಪೊದೆಗಳನ್ನು ಮೂಸಿ, ದೊಡ್ಡ ನಾಯಿಗಳಿಂದ ಮಿತಿಯನ್ನು ಕಲಿತು, ದಣಿದಾಗ ನೆರಳಿನಲ್ಲಿ ಮಲಗುವುದೇ ಅದರ ದಿನಚರಿ. ಮನೆಮಂದಿಯೆಲ್ಲ ಕೆಲಸಕ್ಕೆ, ಶಾಲೆಗೆ ತೆರಳುವ ಪಟ್ಟಣದ ಮನೆಗಳಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಅಂಗಡಿಯಿಂದ ತಂದ ಕಬ್ಬಿಣದ ಗೂಡೇ ಮರಿಯ ಹಗಲಿನ ಮನೆ.

ನೆಗೆತಕ್ಕೆ ಕಾರಣವೇನು?

ಗೂಡಿನ ಬಾಗಿಲು ತೆರೆದ ಕ್ಷಣದಲ್ಲಿ ಮೂರು ಒತ್ತಡಗಳು ಒಟ್ಟಿಗೆ ಹೊರಬೀಳುತ್ತವೆ. ತುಂಬಿದ ಮೂತ್ರಕೋಶ, ಮನೆಯವರನ್ನು ಕಂಡ ಸಂತೋಷ ಹಾಗೂ ಕೈಕಾಲು ಆಡಿಸಬೇಕೆಂಬ ದೇಹದ ತವಕ. ಮರಿ ಕೆಲ ನಿಮಿಷ ಗಿರಗಿರನೆ ಸುತ್ತಿ ಓಡುವುದು ಸಹಜ ವರ್ತನೆಯಾಗಿದ್ದು, ಜಾರುವ ನೆಲ, ಮೆಟ್ಟಿಲುಗಳಿಲ್ಲದಿದ್ದರೆ ಅದರಿಂದ ಅಪಾಯವಿಲ್ಲ. ಈ ಹೊತ್ತಿನಲ್ಲಿ ಕೂಗಿದರೆ, ಬೆನ್ನಟ್ಟಿದರೆ ಮರಿ ಅದನ್ನು ಆಟವೆಂದೇ ಭಾವಿಸಿ ಇನ್ನಷ್ಟು ಓಡುತ್ತದೆ.

ಮಿತಿಮೀರಿದ ಚೇಷ್ಟೆಗೆ ಕೆಲವೊಮ್ಮೆ ದಣಿವೂ ಕಾರಣ. ಎಳೆಯ ಮರಿಗಳು ದಿನಕ್ಕೆ ಸುಮಾರು 18 ತಾಸು ನಿದ್ರಿಸುತ್ತವೆ. ನಿದ್ದೆಗೆಟ್ಟ ಕೂಸು ರಚ್ಚೆ ಹಿಡಿಯುವಂತೆ ನಿದ್ದೆಗೆಟ್ಟ ಮರಿಯೂ ಕಚ್ಚತೊಡಗುತ್ತದೆ. ಅಂತಹ ಮರಿಗೆ ಬೇಕಿರುವುದು ಇನ್ನಷ್ಟು ಆಟವಲ್ಲ, ಸದ್ದಿಲ್ಲದ ಮೂಲೆ.

ಅನುಸರಿಸಬೇಕಾದ ಕ್ರಮ

ಮರಿ ಬಾಗಿಲನ್ನು ಕೆರೆದು ಬೊಗಳುತ್ತಿರುವಾಗಲೇ ತೆರೆದರೆ, ಬೊಗಳಿದರೆ ಬಾಗಿಲು ತೆರೆಯುತ್ತದೆ ಎಂಬ ಪಾಠವನ್ನು ಅದು ಕಲಿಯುತ್ತದೆ. ನಾಲ್ಕೂ ಕಾಲು ನೆಲಕ್ಕೂರಿ ಕೆಲವು ಸೆಕೆಂಡು ಸುಮ್ಮನಾದಾಗ, ಹೆಚ್ಚು ಮುದ್ದು ಮಾತಿಲ್ಲದೆ ತೆರೆಯುವುದು ಸೂಕ್ತ. ಆದರೆ ಮೂತ್ರದ ಅವಸರದಿಂದ ಕುಂಯ್‌ಗುಡುತ್ತಿರುವ ಮರಿಯನ್ನು ಕಾಯಿಸಬಾರದು.

ಬಳಿಕ ನೇರವಾಗಿ ಬಹಿರ್ದೆಸೆಯ ಜಾಗಕ್ಕೆ ಕರೆದೊಯ್ಯಬೇಕು. ಅನಂತರ 10ರಿಂದ 15 ನಿಮಿಷ ಹಳೆಯ ಬಟ್ಟೆಯ ತುಂಡು ಎಳೆದಾಡಿಸುವ ಅಥವಾ ಚೆಂಡು ತರಿಸುವ ಆಟ ಆಡಿಸಬಹುದು. ನಡುನಡುವೆ ಆಟ ನಿಲ್ಲಿಸಿ, ಮರಿ ಕುಳಿತ ಮೇಲೆ ಮತ್ತೆ ಆರಂಭಿಸಿದರೆ ಉತ್ಸಾಹವನ್ನು ಹಿಡಿತದಲ್ಲಿಡುವುದನ್ನು ಅದು ತಾನಾಗಿ ಕಲಿಯುತ್ತದೆ. ಕೊನೆಯಲ್ಲಿ ಒಂದು ಹಿಡಿ ಆಹಾರವನ್ನು ಹಳೆಯ ಟವೆಲ್‌ನಲ್ಲಿ ಸುತ್ತಿ ಕೊಟ್ಟರೆ ಮರಿ ಮೂಗಿನಿಂದ ಹುಡುಕಿ ತಿನ್ನುತ್ತದೆ. ಮೂಸಿ ಹುಡುಕುವ ಕೆಲಸ ಮರಿಯನ್ನು ಕೆರಳಿಸದೆ ದಣಿಸುತ್ತದೆ. ಅಲ್ಲಿಂದ ನಿದ್ದೆಗೆ ಜಾರುವುದು ಸುಲಭ.

ಎಷ್ಟು ಹೊತ್ತು ಗೂಡಿನಲ್ಲಿಡಬಹುದು? ಮರಿಯ ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿದಷ್ಟು ತಾಸು ಎಂಬುದು ರೂಢಿಯ ಲೆಕ್ಕ. ಅಂದರೆ 3 ತಿಂಗಳ ಮರಿಗೆ 4 ತಾಸು ಗರಿಷ್ಠ ಮಿತಿ. ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಮರಿ ಎದ್ದು ನಿಂತು, ತಿರುಗಿ, ಕಾಲುಚಾಚಿ ಮಲಗುವಷ್ಟು ಗೂಡು ವಿಶಾಲವಾಗಿರಬೇಕು. ಶಿಕ್ಷೆಯ ರೂಪದಲ್ಲಿ ಗೂಡಿಗೆ ತಳ್ಳುವುದು ಸಲ್ಲದು.

ಮುಧೋಳ ಮರಿಗೆ ವಿಶೇಷ ಗಮನ

2005ರಲ್ಲಿ ಅಂಚೆ ಚೀಟಿಯ ಮೇಲೆ ಮೂಡಿದ, 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರ 'ಮನ್ ಕಿ ಬಾತ್'ನಲ್ಲಿ ಪ್ರಸ್ತಾಪವಾದ ಮುಧೋಳ ತಳಿಯನ್ನು ಸಾಕುವ ಆಸೆ ನಗರವಾಸಿಗಳಲ್ಲಿಯೂ ಇದೆ. ಇದು ಬಯಲಿನಲ್ಲಿ ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಬೆನ್ನಟ್ಟುವ ತಳಿ. ಓಟ ಅದರ ರಕ್ತದಲ್ಲಿಯೇ ಇದೆ. ದಿನವಿಡೀ ಗೂಡಿನಲ್ಲಿದ್ದರೆ ಅದರ ತಳಮಳ ಉಳಿದ ತಳಿಗಳಿಗಿಂತ ಹೆಚ್ಚು. ಹಾಗೆಂದು ಎಳೆಯ ಮರಿಯನ್ನು ಬೈಕಿನ ಹಿಂದೆ ಓಡಿಸಬಾರದು. ಮೂಳೆ ಬಲಿಯುವ ಮುನ್ನ ಬಲವಂತದ ದೀರ್ಘ ಓಟ ಕೀಲುಗಳಿಗೆ ಹಾನಿಕರ.

ಲಸಿಕೆಗಳ ಸರಣಿ ಮುಗಿಯುವವರೆಗೆ, ಅಂದರೆ ಸುಮಾರು 4 ತಿಂಗಳು ತುಂಬುವವರೆಗೆ, ಬೀದಿನಾಯಿಗಳು ಓಡಾಡುವ ಜಾಗದಲ್ಲಿ ಮರಿಯನ್ನು ಬಿಡುವುದರಿಂದ ಪಾರ್ವೊ ರೋಗ ತಗಲುವ ಭಯವಿರುತ್ತದೆ. ಈ ಅವಧಿಯಲ್ಲಿ ಅಂಗಳ, ಮಾಳಿಗೆಯ ಆಟವೇ ಸಾಕು. ಬಯಲುಸೀಮೆಯ ಬೇಸಿಗೆಯಲ್ಲಿ ಮುಂಜಾನೆ ಮತ್ತು ಮುಸ್ಸಂಜೆಯಷ್ಟೇ ಆಟಕ್ಕೆ ಯೋಗ್ಯ ಸಮಯ. ಆಟದಲ್ಲಿ ಹಲ್ಲು ತಾಗಿ ಗಾಯವಾದರೂ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ವೈದ್ಯರನ್ನು ಕಾಣುವುದು ಕಡ್ಡಾಯ.

ಕಾನೂನು ಏನನ್ನುತ್ತದೆ?

ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಮಟ್ಟಿನ ವ್ಯಾಯಾಮ ಒದಗಿಸದಿರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಕ್ರೌರ್ಯವೆನಿಸುತ್ತದೆ. ಹಸಿವು, ನೀರಡಿಕೆಯಿಂದ ನರಳುವಂತೆ ಸಾಕುಪ್ರಾಣಿಯನ್ನು ತೊರೆಯುವುದೂ ಅದೇ ಕಲಮಿನಡಿ ಅಪರಾಧ.

ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಮರಿಗಾಗಿ ಮೀಸಲಿಡಬಲ್ಲವರಿಗೆ, ನಡುಹಗಲಿನಲ್ಲಿ ಗೂಡಿನ ಬಾಗಿಲು ತೆರೆಯಲು ನೆರೆಮನೆಯವರ ನೆರವು ಪಡೆಯಬಲ್ಲವರಿಗೆ ಈ ಸಮಸ್ಯೆ ದೊಡ್ಡದಲ್ಲ. ಅಷ್ಟು ಬಿಡುವಿಲ್ಲದವರು ಮರಿಯನ್ನು ತರುವ ಮುನ್ನವೇ ಯೋಚಿಸುವುದು ಲೇಸು.