ಹಳೆಯ ಮನೆಗಳ ಮರದ ಕಿಟಕಿಗಳಿಗೆ ಒಳಕಿಟಕಿಯ ಆಯ್ಕೆ: ದಕ್ಷಿಣ ಬೆಂಗಳೂರನ್ನು ಕುರಿತ ಒಂದು ವಿವೇಚನೆ

ವಾಸದ ಮನೆಯ ಕಿಟಕಿಯಿಂದ ನಮ್ಮ ಹಿರಿಯರು ಬಯಸಿದ ಕಾರ್ಯಗಳು ಮೂರು: ಬೆಳಕು ಬರಬೇಕು, ಗಾಳಿ ಆಡಬೇಕು, ಮಳೆ ಒಳಗೆ ಎರಚಬಾರದು. ಈಚಿನ ದಶಕಗಳಲ್ಲಿ ನಾಲ್ಕನೆಯದೊಂದು ಬಂದು ಸೇರಿದೆ: ಬೀದಿಯ ಸದ್ದು ಒಳಗೆ ಬರಬಾರದು. ಮೊದಲಿನ ಮೂರಕ್ಕೆಂದು ರಚಿತವಾದ ಕಿಟಕಿ ಈ ನಾಲ್ಕನೆಯದನ್ನು ನೆರವೇರಿಸಲಾರದು. ನಾಲ್ಕನೆಯದಕ್ಕೆಂದೇ ಮಾಡಿದ ಕಿಟಕಿ ಎರಡನೆಯದಕ್ಕೆ, ಎಂದರೆ ಗಾಳಿಗೆ, ಅಡ್ಡಿಯಾಗುತ್ತದೆ. ಈ ವಿರೋಧವನ್ನು ತಕ್ಕಮಟ್ಟಿಗೆ ಪರಿಹರಿಸುವ ಬಗೆ ಯಾವುದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

ಜಯನಗರ ಬಡಾವಣೆಗೆ ಅಸ್ತಿಭಾರ ಬಿದ್ದುದು 1948ರಲ್ಲಿ. ಅಲ್ಲಿಯೂ ಅನಂತರ ಬೆಳೆದ ಬನಶಂಕರಿ, ಜೆ.ಪಿ. ನಗರಗಳಲ್ಲಿಯೂ ಉಳಿದಿರುವ ಹಳೆಯ ಮನೆಗಳ ಕಿಟಕಿಗಳು ಬಹುಮಟ್ಟಿಗೆ ಒಂದೇ ಮಾದರಿಯವು. ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆಯಲ್ಲಿ ಮರದ ಚೌಕಟ್ಟು; ಅದಕ್ಕೆ ಹೊರಕ್ಕೆ ತೆರೆಯುವ ಎರಡು ಗಾಜಿನ ಕದಗಳು; ಕದಗಳ ಒಳಬದಿಗೆ ಕಬ್ಬಿಣದ ಸರಳುಗಳು; ಮೇಲೆ ಸಜ್ಜಾ; ಸೂರಿನ ಸಮೀಪದಲ್ಲಿ ಸದಾ ತೆರೆದಿರುವ ಒಂದು ವೆಂಟಿಲೇಟರ್. ಇವು ನಿರ್ಮಿತವಾದ ಕಾಲದ ಬೀದಿಗೂ ಇಂದಿನ ಬೀದಿಗೂ ಹೋಲಿಕೆಯಿಲ್ಲ. ಹೊರ ವರ್ತುಲ ರಸ್ತೆ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳನ್ನು ಹಾದುಹೋಗುತ್ತದೆ. 2017ರ ಜೂನ್ ತಿಂಗಳಿನಿಂದ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮಾರ್ಗವಾಗಿ, 2025ರ ಆಗಸ್ಟಿನಿಂದ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬಿ.ಟಿ.ಎಂ. ಬಡಾವಣೆಯ ಮೂಲಕ ಬೊಮ್ಮಸಂದ್ರದವರೆಗೆ, ಮೆಟ್ರೋ ರೈಲು ಎತ್ತರಿಸಿದ ದಾರಿಯ ಮೇಲೆ ಸಂಚರಿಸುತ್ತಿದೆ. ಬೀದಿಯ ಸದ್ದನ್ನು ಕಾಂಪೌಂಡ್ ಗೋಡೆ ಸ್ವಲ್ಪಮಟ್ಟಿಗೆ ತಡೆಯಬಲ್ಲುದು. ಮೇಲಿನಿಂದ ಇಳಿದುಬರುವ ಸದ್ದನ್ನು ಅದು ತಡೆಯಲಾರದು.

ಇಂಥ ಮನೆಯವರಿಗೆ ಸಾಮಾನ್ಯವಾಗಿ ದೊರೆಯುವ ಸಲಹೆ ಹಳೆಯ ಕಿಟಕಿಯನ್ನು ಕಿತ್ತು ಹೊಸದನ್ನು ಕೂಡಿಸುವುದು. ಇನ್ನೊಂದು ದಾರಿಯೂ ಉಂಟು: ಹಳೆಯ ಕಿಟಕಿಯನ್ನು ಇದ್ದಂತೆಯೇ ಉಳಿಸಿಕೊಂಡು, ಅದರ ಒಳಬದಿಗೆ ಸ್ವತಂತ್ರವಾದ ಮತ್ತೊಂದು ಗಾಜಿನ ಕಿಟಕಿಯನ್ನು ನಿಲ್ಲಿಸುವುದು. ಇದನ್ನು ನಾವು ಇಲ್ಲಿ ‘ಒಳಕಿಟಕಿ’ ಎಂದು ಕರೆಯುತ್ತೇವೆ. ಮೇಲಕ್ಕೂ ಕೆಳಕ್ಕೂ ಸರಿಯುವ ಕದಗಳುಳ್ಳ ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಈ ಪದ್ಧತಿ ಬಹುವಾಗಿ ರೂಢಿಯಲ್ಲಿದೆ. ಅಲ್ಲಿ ಅದರ ಒಂದು ಮುಖ್ಯೋದ್ದೇಶ ಚಳಿಗಾಲದಲ್ಲಿ ಒಳಗಿನ ಶಾಖವನ್ನು ಕಾಯುವುದು. ನಮ್ಮಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಆದುದರಿಂದ ಅಲ್ಲಿಯ ಸೂತ್ರಗಳನ್ನು ಹಾಗೆಯೇ ತರದೆ, ನಮ್ಮ ಕಿಟಕಿಗೂ ನಮ್ಮ ಹವೆಗೂ ಒಪ್ಪುವಂತೆ ಆರಿಸಿಕೊಳ್ಳಬೇಕಾಗುತ್ತದೆ.

1. ಎಷ್ಟು ಇಳಿಕೆ ಅಗತ್ಯ?

ಶಬ್ದವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. 10 ಡೆಸಿಬೆಲ್ ಇಳಿದರೆ ಶಬ್ದಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ. ಕಿವಿಗೆ ಮಾತ್ರ ಅದು ಸುಮಾರು ಅರ್ಧಕ್ಕೆ ಇಳಿದಂತೆ ತೋರುತ್ತದೆ. 3 ಡೆಸಿಬೆಲ್‌ನ ವ್ಯತ್ಯಾಸ ಕಿವಿಗೆ ಅಷ್ಟಾಗಿ ಹೊಳೆಯುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ವಾಸದ ಪ್ರದೇಶಗಳಲ್ಲಿ ಹೊರಗಿನ ಮಿತಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್. ಮಲಗುವ ಕೋಣೆಯೊಳಗೆ ರಾತ್ರಿ ಸರಾಸರಿ 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿತು. ತೆರೆದ ಕಿಟಕಿಯಿರುವ ಕೋಣೆಯಲ್ಲಿಯೂ ಸದ್ದು ಹೊರಗಿಗಿಂತ 10ರಿಂದ 15 ಡೆಸಿಬೆಲ್ ಕಡಿಮೆಯಿರುತ್ತದೆ. ಎಂದರೆ ಹೊರಗೆ 45 ಇರುವಲ್ಲಿ ಕಿಟಕಿ ತೆರೆದೇ ನಿದ್ರಿಸಬಹುದು. ದೊಡ್ಡ ರಸ್ತೆಯ ಅಂಚಿನ ಮನೆಯ ಹೊರಗೆ ರಾತ್ರಿ 65 ಡೆಸಿಬೆಲ್ ಇದೆಯೆಂದು ಭಾವಿಸಿದರೆ 35 ಡೆಸಿಬೆಲ್‌ನ ಇಳಿಕೆ ಬೇಕಾಗುತ್ತದೆ. ಸರಿಯಾಗಿ ರಚಿಸಿದ ಒಳಕಿಟಕಿ ಇದನ್ನು ಸಾಧಿಸಬಲ್ಲುದು. ಬರಿಯ ದಪ್ಪ ಗಾಜು ಸಾಧಿಸಲಾರದು. ಅದೇಕೆಂಬುದನ್ನು ಮುಂದೆ ನೋಡೋಣ.

2. ಗಾಜಿಗಿಂತ ಸಂದು ಮುಖ್ಯ

1.2 ಮೀಟರ್ ಅಗಲ, 1.35 ಮೀಟರ್ ಎತ್ತರದ ಎರಡು ಕದಗಳ ಕಿಟಕಿಯೊಂದನ್ನು ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ 1.62 ಚದರ ಮೀಟರ್. ಕದಗಳು ಚೌಕಟ್ಟನ್ನು ಮುಟ್ಟುವ ಸುತ್ತಳತೆಗೆ ಕದಗಳೆರಡೂ ಕೂಡುವ ನಡುಗೆರೆಯನ್ನು ಸೇರಿಸಿದರೆ ಸಂದಿನ ಒಟ್ಟು ಉದ್ದ 6.45 ಮೀಟರ್. ಮರ ಬೇಸಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗುವುದರಿಂದ ಹಳೆಯ ಕದಗಳಲ್ಲಿ 2 ಮಿಲಿಮೀಟರ್ ಸಂದು ಅಸಾಧಾರಣವೇನಲ್ಲ. ಈ ಸಂದಿನ ವಿಸ್ತೀರ್ಣ ಇಡೀ ಕಿಟಕಿಯ ಸಾವಿರದಲ್ಲಿ 8 ಪಾಲು. ಅಷ್ಟು ಪಾಲು ಶಬ್ದಶಕ್ತಿ ತಡೆಯಿಲ್ಲದೆ ಒಳಬರುತ್ತದೆಂದು ಸ್ಥೂಲವಾಗಿ ಎಣಿಸಬಹುದು. 4 ಮಿಲಿಮೀಟರ್ ಗಾಜು ತಾನಾಗಿ 28 ಡೆಸಿಬೆಲ್‌ನಷ್ಟು ತಡೆಯುತ್ತದೆ. ಎಂದರೆ ಅದರ ಮೂಲಕ ಬರುವುದು ಸಾವಿರದಲ್ಲಿ 1.6 ಪಾಲು. ಎರಡೂ ಕೂಡಿ 9.6 ಪಾಲು, ಕಿಟಕಿಯ ಒಟ್ಟು ತಡೆ ಸುಮಾರು 20 ಡೆಸಿಬೆಲ್.

ಈಗ ಸಂದನ್ನು ಹಾಗೆಯೇ ಬಿಟ್ಟು 8 ಮಿಲಿಮೀಟರ್ ಗಾಜನ್ನು ಹಾಕಿದೆವೆಂದುಕೊಳ್ಳಿ. ಗಾಜಿನ ಮೂಲಕ ಬರುವುದು 0.4 ಪಾಲಿಗೆ ಇಳಿಯುತ್ತದೆ. ಆದರೆ ಸಂದಿನ 8 ಪಾಲು ಉಳಿದೇ ಇರುತ್ತದೆ. ಒಟ್ಟು ತಡೆ 21 ಡೆಸಿಬೆಲ್ ಕೂಡ ಆಗುವುದಿಲ್ಲ. ಪ್ರತಿಯಾಗಿ, ಹಳೆಯ ಗಾಜನ್ನೇ ಇಟ್ಟುಕೊಂಡು ರಬ್ಬರ್ ಪಟ್ಟಿಗಳಿಂದ ಸಂದನ್ನು 0.2 ಮಿಲಿಮೀಟರ್‌ಗೆ ಇಳಿಸಿದರೆ ತಡೆ 26 ಡೆಸಿಬೆಲ್ ಆಗುತ್ತದೆ. ಗಾಜಿನ ತೂಕವನ್ನು ಇಮ್ಮಡಿಸಿ ದೊರೆಯದ ಫಲ ಅಗ್ಗದ ಪಟ್ಟಿಯೊಂದರಿಂದ ದೊರೆಯುತ್ತದೆ.

ಇದರಿಂದ ಮೊದಲ ನಿಯಮ ಸಿದ್ಧವಾಗುತ್ತದೆ: ಏನನ್ನಾದರೂ ಕೊಳ್ಳುವುದಕ್ಕೆ ಮೊದಲು ಸಂದುಗಳನ್ನು ಪರೀಕ್ಷಿಸಬೇಕು. ಗಾಳಿ ಬೀಸುವ ದಿನ ಊದುಬತ್ತಿಯ ಹೊಗೆಯನ್ನು ಕದದ ಅಂಚಿಗೆ ಹಿಡಿದರೆ ಸಂದಿರುವ ಎಡೆ ಗೊತ್ತಾಗುತ್ತದೆ. ಒಂದು ರಾತ್ರಿಯ ಮಟ್ಟಿಗೆ ಎಲ್ಲ ಅಂಚುಗಳಿಗೂ ಅಂಟುಪಟ್ಟಿಯನ್ನು ಒತ್ತಿ ಮುಚ್ಚಿ ಸದ್ದನ್ನು ಹೋಲಿಸಿ ನೋಡುವುದು ಇನ್ನೂ ನಿಶ್ಚಿತವಾದ ಪರೀಕ್ಷೆ. ಅಷ್ಟರಿಂದಲೇ ನೆಮ್ಮದಿಯಾದರೆ ಒಳಕಿಟಕಿಯ ಅಗತ್ಯವೇ ಇಲ್ಲ.

3. ಎರಡು ಗಾಜುಗಳ ನಡುವಣ ಅಂತರ

ಎರಡು ಗಾಜುಗಳೂ ಅವುಗಳ ನಡುವಣ ಗಾಳಿಯೂ ಸೇರಿ, ನಡುವೆ ಬುಗ್ಗೆಯುಳ್ಳ ಎರಡು ತೂಕಗಳಂತೆ ವರ್ತಿಸುತ್ತವೆ. ಇಂಥ ವ್ಯವಸ್ಥೆಗೆ ತನ್ನದೇ ಆದ ಒಂದು ಅನುರಣನ ಆವೃತ್ತಿಯಿರುತ್ತದೆ. ಆ ಆವೃತ್ತಿಯ ಸಮೀಪದಲ್ಲಿ ಎರಡು ಗಾಜುಗಳಿಂದ ಪ್ರಯೋಜನ ತೀರ ಕಡಿಮೆ. ಅದನ್ನು ಸಾಕಷ್ಟು ಮೀರಿದ ಮೇಲೆ ಪ್ರಯೋಜನ ಶೀಘ್ರವಾಗಿ ಹೆಚ್ಚುತ್ತದೆ. ಅಂತರ ಹೆಚ್ಚಿದಷ್ಟೂ ಬುಗ್ಗೆ ಮೆದುವಾಗಿ ಈ ಆವೃತ್ತಿ ಕೆಳಕ್ಕಿಳಿಯುತ್ತದೆ. 4 ಮಿಲಿಮೀಟರಿನ ಎರಡು ಗಾಜುಗಳು 12 ಮಿಲಿಮೀಟರ್ ಅಂತರದಲ್ಲಿದ್ದರೆ ಅದು ಸುಮಾರು 245 ಹರ್ಟ್ಸ್. 100 ಮಿಲಿಮೀಟರ್ ಅಂತರದಲ್ಲಿದ್ದರೆ ಸುಮಾರು 85 ಹರ್ಟ್ಸ್. ಬಸ್ಸು ಲಾರಿಗಳ ಎಂಜಿನ್ನಿನ ಗುಡುಗು ಬಹುಮಟ್ಟಿಗೆ 250 ಹರ್ಟ್ಸ್‌ನ ಕೆಳಗಿನದು. ಆದುದರಿಂದ ಕಿರಿದಾದ ಅಂತರದ ಜೋಡಿಗಾಜು ನಮ್ಮ ಬೀದಿಯ ಮುಖ್ಯ ಶತ್ರುವಿನೆದುರಿಗೇ ದುರ್ಬಲವಾಗುತ್ತದೆ. ಕಾರ್ಖಾನೆಯಲ್ಲಿ ಮುಚ್ಚಿಬರುವ 12 ಮಿಲಿಮೀಟರ್ ಅಂತರದ ಜೋಡಿಗಾಜು ಶಾಖವನ್ನು ತಡೆಯುವುದರಲ್ಲಿ ಒಳ್ಳೆಯದು. ಶಬ್ದದ ವಿಷಯದಲ್ಲಿ ಅದು ಒಂಟಿಗಾಜಿಗಿಂತ ಒಂದೆರಡು ಡೆಸಿಬೆಲ್ ಮಾತ್ರ ಮೇಲು. ಎರಡನ್ನೂ ಬೆರೆಸಿ ಹೇಳುವ ಮಾತನ್ನು ನಂಬಲಾಗದು.

ಇಲ್ಲಿ ಹಳೆಯ ಮನೆಗಳಿಗೆ ಒಂದು ಸ್ವಾಭಾವಿಕ ಅನುಕೂಲವಿದೆ. 230 ಮಿಲಿಮೀಟರ್ ಗೋಡೆಯಲ್ಲಿ ಚೌಕಟ್ಟು ಹೊರ ಅಂಚಿಗೆ ಸರಿದಿದ್ದರೆ, ಅದರ ಒಳಬದಿಗೆ 100 ಮಿಲಿಮೀಟರ್ ಮೀರಿದ ಗೋಡೆಯ ದಪ್ಪ ಬರಿದಾಗಿ ಉಳಿದಿರುತ್ತದೆ. ಒಳಕಿಟಕಿಯನ್ನು ಗೋಡೆಯ ಒಳ ಅಂಚಿಗೆ ನಿಲ್ಲಿಸಿದರೆ ಬೇಕಾದ ಅಂತರ ಯಾವ ಕಟ್ಟಡ ಕೆಲಸವೂ ಇಲ್ಲದೆ ಲಭಿಸುತ್ತದೆ. ಸರಳುಗಳು ನಡುವೆ ತಮ್ಮ ಪಾಡಿಗೆ ಇರುತ್ತವೆ. ಈ ಅಂತರದ ಸುತ್ತಣ ಗೋಡೆಯ ಅಂಚಿಗೆ ಶಬ್ದವನ್ನು ಹೀರುವ ನಾರಿನ ಹಲಗೆಯನ್ನು ಹೊದಿಸಿದರೆ ಇನ್ನೂ ಕೆಲವು ಡೆಸಿಬೆಲ್ ಇಳಿಯುತ್ತದೆ.

4. ಗಾಜಿನ ಆಯ್ಕೆ

ಪ್ರತಿಯೊಂದು ಗಾಜಿಗೂ ಒಂದು ದುರ್ಬಲ ಆವೃತ್ತಿಯುಂಟು: 4 ಮಿಲಿಮೀಟರಿಗೆ ಸುಮಾರು 3,000, 6 ಮಿಲಿಮೀಟರಿಗೆ ಸುಮಾರು 2,000 ಹರ್ಟ್ಸ್. ಹಾರ್ನಿನ ಕರ್ಕಶ ಭಾಗ ಬೀಳುವುದು ಈ ಎಡೆಯಲ್ಲಿಯೇ. ಎರಡು ಗಾಜುಗಳ ದಪ್ಪವೂ ಒಂದೇ ಆಗಿದ್ದರೆ ಎರಡೂ ಒಂದೇ ಕಡೆ ಸೋಲುತ್ತವೆ. ಬೇರೆಬೇರೆಯಾಗಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಳೆಯ ಕದದ ಗಾಜು 3 ಅಥವಾ 4 ಮಿಲಿಮೀಟರ್ ಇದ್ದರೆ ಒಳಕಿಟಕಿಗೆ 6 ಮಿಲಿಮೀಟರ್ ಯುಕ್ತ. ನಡುವೆ ಪ್ಲಾಸ್ಟಿಕ್ ಪೊರೆಯಿರುವ ಪದರಗಾಜು ಈ ದೌರ್ಬಲ್ಯವನ್ನು ಇನ್ನಷ್ಟು ತಗ್ಗಿಸುವುದಲ್ಲದೆ, ಒಡೆದಾಗ ಚೂರುಗಳು ಉದುರದಂತೆಯೂ ಹಿಡಿದಿಡುತ್ತದೆ. ಮಕ್ಕಳಿರುವ ಮನೆಗೆ ಅದೇ ಲೇಸು. ಅಕ್ರಿಲಿಕ್ ಹಾಳೆ ಹಗುರವಾಗಿದ್ದು ಕೂಡಿಸಲು ಸುಲಭವಾದರೂ ಅದರ ತೂಕ ಅಷ್ಟೇ ದಪ್ಪದ ಗಾಜಿನ ಅರ್ಧಕ್ಕಿಂತ ಕಡಿಮೆ. ಶಬ್ದದ ತಡೆಯೂ ಅದಕ್ಕೆ ತಕ್ಕಂತೆ ಕಡಿಮೆ.

5. ತೆರೆಯುವ ಬಗೆ

ಹೊರಗಿನ ಕದವನ್ನು ತೆಗೆಯಲೂ ಹಾಕಲೂ ಸರಳುಗಳ ನಡುವೆ ಕೈ ಚಾಚಬೇಕಾದುದರಿಂದ ಒಳಕಿಟಕಿ ದಿನವೂ ತೆರೆಯುವಂತಿರಬೇಕು. ಕದಲದ ಗಾಜು ನಮ್ಮ ಮನೆಗಳಿಗೆ ಒಪ್ಪುವುದಿಲ್ಲ. ಪಕ್ಕಕ್ಕೆ ಸರಿಯುವ ಕಿಟಕಿ ಸ್ಥಳವನ್ನು ಬೇಡುವುದಿಲ್ಲ. ಆದರೆ ಅದರ ಅಂಚುಗಳಲ್ಲಿರುವ ಬ್ರಷ್ ಪಟ್ಟಿ ಸಂದನ್ನು ಪೂರ್ತಿ ಮುಚ್ಚದು. ಒಳಕ್ಕೆ ತೆರೆಯುವ ಕದವಾದರೆ ಚಿಲಕ ಹಾಕಿದಾಗ ರಬ್ಬರ್ ಪಟ್ಟಿ ಸುತ್ತಲೂ ಒತ್ತಿ ಕೂರುತ್ತದೆ. ಕೋಣೆಯಲ್ಲಿ ಅದು ತಿರುಗಲು ಎಡೆಯಿದ್ದರೆ ಇದೇ ಉತ್ತಮ. ಎರಡು ಕಿಟಕಿಗಳಲ್ಲಿ ಒಳಗಿನದನ್ನೇ ಹೆಚ್ಚು ಬಿಗಿಯಾಗಿ ಮುಚ್ಚಬೇಕು. ಎರಡನ್ನೂ ಸಮನಾಗಿ ಬಿಗಿದರೆ, ಮಳೆಗಾಲದಲ್ಲಿ ಹೊರಗಿನ ಕದದಿಂದ ಜಿನುಗಿದ ನೀರು ನಡುವೆ ನಿಂತು ಚೌಕಟ್ಟಿನ ಮರ ಕೊಳೆಯುವ, ಗೆದ್ದಲು ಹತ್ತುವ ಅಪಾಯವಿದೆ.

6. ಗಾಳಿ ಮತ್ತು ಶಾಖ

ಇಷ್ಟೆಲ್ಲ ಮಾಡಿದ ಮೇಲೂ ವೆಂಟಿಲೇಟರ್ ತೆರೆದೇ ಇದ್ದರೆ ಶ್ರಮ ವ್ಯರ್ಥ. 40 ಡೆಸಿಬೆಲ್ ತಡೆಯುವ ನಮ್ಮ ಉದಾಹರಣೆಯ ಕಿಟಕಿಯ ಮೂಲಕ ಬರುವ ಶಬ್ದಕ್ಕಿಂತ, 0.05 ಚದರ ಮೀಟರ್ ತೆರಪಿನ ವೆಂಟಿಲೇಟರಿನಿಂದ ಬರುವುದು ಸುಮಾರು 300 ಪಟ್ಟು. ಆದರೆ ಅದನ್ನು ಮುಚ್ಚಿದರೆ ಉಸಿರಿಗೇನು? ನಿದ್ರಿಸುವ ಒಬ್ಬ ವಯಸ್ಕ ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. 32 ಘನ ಮೀಟರಿನ ಕೋಣೆಯಲ್ಲಿ ಗಾಳಿಯ ವಿನಿಮಯ ಸಂಪೂರ್ಣ ನಿಂತರೆ, ಇಬ್ಬರು ಎಂಟು ಗಂಟೆ ಮಲಗಿ ಏಳುವಷ್ಟರಲ್ಲಿ ಅದರ ಪ್ರಮಾಣ ಶೇಕಡ 0.6ನ್ನು ಮೀರುತ್ತದೆ; ಇದು ಹೊರಗಿನ ಗಾಳಿಯಲ್ಲಿರುವುದರ ಸುಮಾರು 15 ಪಟ್ಟು. ಬಾಗಿಲಿನ ಸಂದುಗಳಿಂದ ಇದು ಒಂದಿಷ್ಟು ತಗ್ಗುವುದಾದರೂ ಅಷ್ಟನ್ನೇ ನೆಚ್ಚಿಕೊಳ್ಳಲಾಗದು. ರಸ್ತೆಯ ಕಡೆಗೆ ಮುಚ್ಚಿದ ಕೋಣೆಗೆ ಹಿತ್ತಿಲಿನ ಕಡೆಯಿಂದ ಗಾಳಿಯ ದಾರಿಯನ್ನು ಉಳಿಸಬೇಕು. ಅದಿಲ್ಲದಲ್ಲಿ ಒಳಮೈಗೆ ಶಬ್ದಶೋಷಕವನ್ನು ಹೊದಿಸಿದ ಬಾಗಿದ ಕೊಳವೆಯೊಂದನ್ನು ವೆಂಟಿಲೇಟರಿನ ಸ್ಥಾನದಲ್ಲಿ ಇರಿಸಬೇಕು. ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯ ವೆಂಟಿಲೇಟರನ್ನು ಯಾವ ಕಾರಣಕ್ಕೂ ಮುಚ್ಚತಕ್ಕದ್ದಲ್ಲ. ಅಲ್ಲಿ ಸಂಗ್ರಹವಾಗುವ ಇಂಗಾಲದ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯುತ್ತದೆ.

ಶಾಖದ ವಿಷಯದಲ್ಲಿ ಒಳಕಿಟಕಿಯಿಂದ ಹೆಚ್ಚನ್ನು ನಿರೀಕ್ಷಿಸಬಾರದು. ಬೆಂಗಳೂರಿನಲ್ಲಿ ಉಷ್ಣತೆ 39.2 ಡಿಗ್ರಿಯನ್ನು ಮುಟ್ಟಿದ 2016ರ ಏಪ್ರಿಲ್ 24ರಂಥ ದಿನಗಳಲ್ಲಿ ಪೀಡೆ ಕೊಡುವುದು ಮುಖ್ಯವಾಗಿ ಗಾಜನ್ನು ಹಾದುಬರುವ ಬಿಸಿಲು. ಎರಡು ತಿಳಿಗಾಜುಗಳೂ ಅದರ ಬಹುಭಾಗವನ್ನು ಒಳಕ್ಕೆ ಬಿಡುತ್ತವೆ. ಪಶ್ಚಿಮದ ಕಿಟಕಿಗೆ ಸಜ್ಜಾ, ಚಾಪೆಯ ತೆರೆ, ಮರದ ನೆರಳು ಇವೇ ತಕ್ಕ ಉಪಾಯಗಳು. ಹಗಲು ಒಳಕಿಟಕಿಯನ್ನು ತೆರೆದಿಟ್ಟು ರಾತ್ರಿ ಮುಚ್ಚುವುದು ನಮ್ಮ ಹವೆಗೆ ಹೊಂದುವ ಕ್ರಮ.

ಮೇಲಿನ ವಿವೇಚನೆಯಿಂದ ಆಯ್ಕೆಯ ಕ್ರಮ ಸ್ಪಷ್ಟವಾಗುತ್ತದೆ. ಮೊದಲು ಸಂದು, ಅನಂತರ ಅಂತರ, ಆಮೇಲೆ ಗಾಜು. ಇವುಗಳ ಜೊತೆಯಲ್ಲಿಯೇ ಗಾಳಿಗೆ ಬೇರೊಂದು ದಾರಿ. ಮನೆಯ ಎಲ್ಲ ಕಿಟಕಿಗಳಿಗೂ ಇದನ್ನು ಮಾಡಬೇಕಾಗಿಲ್ಲ. ರಸ್ತೆಗೆ ಮುಖ ಮಾಡಿರುವ ಮಲಗುವ ಕೋಣೆಗೂ ಓದುವ ಕೋಣೆಗೂ ಮಾಡಿದರೆ ಸಾಕು. ಹಳೆಯ ಮನೆಯೊಂದನ್ನು ಕೆಡವಲು ಹೇಳುವ ಕಾರಣಗಳಲ್ಲಿ ‘ಇಲ್ಲಿ ನಿದ್ರೆಯಿಲ್ಲ’ ಎಂಬುದೂ ಒಂದು. ಆ ಕಾರಣವನ್ನಾದರೂ, ಅರ್ಧ ಶತಮಾನ ಬಾಳಿದ ಮರದ ಕಿಟಕಿಯನ್ನು ಕೀಳದೆಯೇ ನಿವಾರಿಸಬಹುದು. ಅದಕ್ಕೆ ಬೇಕಾದ ಅಂತರವನ್ನು ಆ ಮನೆಗಳ ದಪ್ಪ ಗೋಡೆ ಆಗಲೇ ಒದಗಿಸಿಟ್ಟಿದೆ.