371(ಜೆ) ದಿಲ್ಲಿಯವರೆಗೆ ನಡೆಯುವುದಿಲ್ಲ

ಪದವಿಯ ಕೊನೆಯ ಸೆಮಿಸ್ಟರ್ ಬಂತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಂಪ್ಯೂಟರ್ ಸೆಂಟರುಗಳಲ್ಲಿ ಒಂದೇ ಮಾತು: 371(ಜೆ) ಪ್ರಮಾಣಪತ್ರ ಇದ್ದರೆ ಸಾಕು, ಯಾವ ಪಿ.ಜಿ. ಸೀಟಾದರೂ ಸಿಕ್ಕಿತು. ಸಹಾಯಕ ಆಯುಕ್ತರ ಸಹಿ ಇರುವ ಆ ಹಾಳೆಗೆ ಲ್ಯಾಮಿನೇಷನ್ ಆಗಿರುತ್ತದೆ, ಅದು ಎಲ್ಲಿ ನಡೆಯುತ್ತದೆ ಎಂಬ ವಿಚಾರಣೆ ಮಾತ್ರ ಆಗಿರುವುದಿಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿ ಸೀಟಿನ ಮೀಸಲಾತಿ ಹೇಳುವುದು ಹೈದರಾಬಾದ್-ಕರ್ನಾಟಕದ ವಿದ್ಯಾಸಂಸ್ಥೆಗಳಿಗೆ. ಅಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಸರ್ಕಾರದ ಆದೇಶದಂತೆ ಶೇ 8. ಐ.ಐ.ಎಸ್ಸಿ. ಬೆಂಗಳೂರಿನಲ್ಲಿದೆ, ಐ.ಐ.ಟಿ. ಧಾರವಾಡದಲ್ಲಿದೆ, ನಿಜ. ನೆಲ ನಮ್ಮದು, ಸೀಟು ಹಂಚುವವರು ಕೇಂದ್ರದವರು. ಗೇಟ್, ಜಾಮ್ ಬರೆದು ಹೋಗುವವರಿಗೆ ಈ ಹಾಳೆಯಿಂದ ಒಂದು ಅಂಕದ ರಿಯಾಯಿತಿಯೂ ಇಲ್ಲ. ಸುರತ್ಕಲ್ ಎನ್.ಐ.ಟಿ.ಯಲ್ಲಿ ನಮ್ಮವರಿಗೆ ಅರ್ಧ ಸೀಟು ಉಂಟಲ್ಲ ಎನ್ನುವವರಿದ್ದಾರೆ. ಅದು ಬಿ.ಟೆಕ್.ಗೆ, ಅದೂ ಇಡೀ ರಾಜ್ಯದವರಿಗೆ, ಎಂ.ಟೆಕ್.ಗೆ ಆ ಲೆಕ್ಕವಿಲ್ಲ.

ಹೋಗಲಿ, ರಾಜ್ಯದ ವಿಶ್ವವಿದ್ಯಾಲಯಗಳಲ್ಲಾದರೂ ಸೀಟು ಖಾತ್ರಿಯೇ? ಕೊಪ್ಪಳ ವಿ.ವಿ.ಗೋ ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿ.ವಿ.ಗೋ ಅರ್ಜಿ ಹಾಕಿದರೆ, ಬೀದರಿನಿಂದ ಬಳ್ಳಾರಿವರೆಗಿನ ಸ್ಥಳೀಯರ ಕೈಯಲ್ಲೆಲ್ಲ ಇದೇ ಹಾಳೆ ಇರುತ್ತದೆ. ಆ ಶೇ 70ರ ಒಳಗೂ ಜಾತಿವಾರು ಹಂಚಿಕೆ ಉಂಟು, ಅಂಕದ ಪಟ್ಟಿ ಉಂಟು. ಎಲ್ಲರ ಹತ್ತಿರವೂ ಇರುವ ಹಾಳೆಯಿಂದ ಒಬ್ಬರಿಗೆ ಆಗುವ ಲಾಭವೇನು? ಹೊರಗಿನವರ ಪೈಪೋಟಿ ತಗ್ಗುತ್ತದೆ, ಅದು ಸಣ್ಣದಲ್ಲ. ಊರವರ ಪೈಪೋಟಿ ಹಾಗೇ ಉಳಿಯುತ್ತದೆ.

ಈ ಭ್ರಮೆಯ ನಿಜವಾದ ನಷ್ಟ ಬೇರೆ ಕಡೆ ಇದೆ. ಕೇಂದ್ರದ ಸಂಸ್ಥೆ ಕೇಳುವುದು ಕೇಂದ್ರದ ನಮೂನೆಯ ಒ.ಬಿ.ಸಿ. ಪ್ರಮಾಣಪತ್ರವನ್ನು, ಕೆನೆಪದರಕ್ಕೆ ಸೇರಿಲ್ಲ ಎಂಬ ಒಕ್ಕಣೆಯೊಂದಿಗೆ, ಅವರು ಹೇಳಿದ ದಿನಾಂಕದ ನಂತರ ಪಡೆದದ್ದನ್ನು. ಕುಷ್ಟಗಿಯ ಕುರುಬರ ಹುಡುಗಿಯ ಜಾತಿ ರಾಜ್ಯದ, ಕೇಂದ್ರದ ಎರಡೂ ಪಟ್ಟಿಯಲ್ಲಿದೆ. ಆದರೂ ರಾಜ್ಯ ಕೊಟ್ಟ ಅವಳ 2ಎ ಪ್ರಮಾಣಪತ್ರ ಕೇಂದ್ರದ ಸಂಸ್ಥೆಯಲ್ಲಿ ನಡೆಯುವುದಿಲ್ಲ. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ್ದರಲ್ಲಿ ಇಲ್ಲದ ಜಾತಿಗಳೂ ಇವೆ, ಅಂಥವರು ಇ.ಡಬ್ಲ್ಯು.ಎಸ್.ಗೆ ಅರ್ಹರೇ ಎಂದು ನೋಡಿಕೊಳ್ಳಬೇಕು. 371(ಜೆ) ನೆಚ್ಚಿ ಕೂತವರಿಗೆ ಇದೆಲ್ಲ ತಿಳಿಯುವುದು ಅರ್ಜಿಯ ಕೊನೆಯ ದಿನ, ನಾಡಕಚೇರಿಗೆ ರಜೆ ಇರುವಾಗ.

ಇನ್ನು ಪಿಎಚ್.ಡಿ. ಎಂದರೆ ಮನೆ ದುಡ್ಡು ಸುಡುವುದು ಎನ್ನುವವರಿಗೆ, ಯು.ಜಿ.ಸಿ.ಯ ಜೆ.ಆರ್.ಎಫ್. ಪಡೆದವರಿಗೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ ಎಂದರೆ ಸಾಕು. ಪ್ರವೇಶದ ಮಾಹಿತಿ ಪುಸ್ತಿಕೆ ಪುಕ್ಕಟೆ ಸಿಗುತ್ತದೆ, ನಿಯಮವೆಲ್ಲ ಅದರಲ್ಲೇ ಇರುತ್ತದೆ. ಅದನ್ನು ತೆರೆಯದೆ, ಯಾರದೋ ವಾಟ್ಸಾಪ್ ಧ್ವನಿಮುದ್ರಣ ಕೇಳಿ ವರ್ಷ ಕಳೆದುಕೊಳ್ಳುವ ಪದವೀಧರರನ್ನು ಅಮಾಯಕರು ಎನ್ನಲು ನಾನು ತಯಾರಿಲ್ಲ.