ಕೊಂಡ ವಸ್ತುವಿನ ದುರಸ್ತಿಯೂ ನಮ್ಮ ಹಕ್ಕು

ಕಳೆದ ವರ್ಷ ನಮ್ಮ ಮನೆಯ ಟೆಲಿವಿಷನ್ ಇದ್ದಕ್ಕಿದ್ದಂತೆ ನಿಂತುಹೋಯಿತು. ಕೊಂಡು ಐದು ವರ್ಷವೂ ತುಂಬಿರಲಿಲ್ಲ. ಸೇವಾಕೇಂದ್ರದವರು ಬಂದು ನೋಡಿ, "ಈ ಮಾದರಿಯ ಬೋರ್ಡು ಈಗ ಬರುವುದಿಲ್ಲ, ಹೊಸದನ್ನೇ ಕೊಳ್ಳಿ" ಎಂದುಬಿಟ್ಟರು. ಮನಸ್ಸೊಪ್ಪದೆ ಅದನ್ನು ನೆಲಮಂಗಲ ಪೇಟೆಯ ಸಣ್ಣ ಅಂಗಡಿಯೊಂದಕ್ಕೆ ಒಯ್ದೆವು. ಅಲ್ಲಿಯ ದುರಸ್ತಿಗಾರರು ಹಿಂಬದಿ ಬಿಚ್ಚಿ, ಉಬ್ಬಿಹೋಗಿದ್ದ ಕೆಪಾಸಿಟರನ್ನು ತೋರಿಸಿದರು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊಸದನ್ನು ತರಿಸಿ ಹಾಕಿದರು. ಟೆಲಿವಿಷನ್ ಇಂದಿಗೂ ನಡೆಯುತ್ತಿದೆ.

ಎಲ್ಲ ಉಪಕರಣಗಳೂ ಇಷ್ಟು ಸುಲಭವಾಗಿ ಕೈಗೆ ಬರುವುದಿಲ್ಲ. ಕೆಲವು ಮೊಬೈಲುಗಳಲ್ಲಿ ಬಿಡಿಭಾಗಗಳನ್ನು ತಂತ್ರಾಂಶದಿಂದಲೇ ಬಿಗಿದಿರುತ್ತಾರೆ. ಹೊರಗಿನವರು ಅಸಲಿ ಭಾಗವನ್ನೇ ಹಾಕಿದರೂ ಎಚ್ಚರಿಕೆಯ ಸೂಚನೆ ಮೂಡುತ್ತದೆ, ಇಲ್ಲವೆ ಯಾವುದೋ ಸೌಲಭ್ಯ ನಿಂತುಹೋಗುತ್ತದೆ. ಬಿಡಿಭಾಗ, ಕೈಪಿಡಿ, ಸಲಕರಣೆಗಳು ಊರಿನ ದುರಸ್ತಿಗಾರರಿಗೆ ದೊರೆಯದಿದ್ದರೆ ಅವರ ಕಾಯಕವೂ ಉಳಿಯದು, ನಮ್ಮ ಹಣವೂ ಉಳಿಯದು.

ಈ ಅನ್ಯಾಯವನ್ನು ನಮ್ಮ ದೇಶ ಮೊದಲು ಗುರುತಿಸಿದ್ದು ಕಾರುಗಳ ವಿಷಯದಲ್ಲಿ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ದೊರೆಯದಂತೆ ತಡೆದುದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ದಂಡ ವಿಧಿಸಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನದಂದು ಇದಕ್ಕಾಗಿಯೇ ಜಾಲತಾಣವೊಂದನ್ನು ತೆರೆಯಿತು. ಫ್ರಾನ್ಸ್ ದೇಶದಲ್ಲಿ 2021ರಲ್ಲಿ ಮೊಬೈಲು ಮೊದಲಾದ ವಸ್ತುಗಳ ಮೇಲೆ, ಅವು ಎಷ್ಟು ಸುಲಭವಾಗಿ ದುರಸ್ತಿಯಾಗುತ್ತವೆ ಎಂಬ ಅಂಕವನ್ನು ನಮೂದಿಸಬೇಕೆಂಬ ನಿಯಮ ಜಾರಿಗೆ ಬಂದಿತು. ನಮ್ಮಲ್ಲಿ ಇದಕ್ಕೆ ಪ್ರತ್ಯೇಕ ಕಾನೂನು ಇನ್ನೂ ಬಂದಿಲ್ಲ.

ಹಾಗೆಂದು ನಾವು ಕೈಕಟ್ಟಿ ಕೂರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ವಸ್ತುವಿನಲ್ಲಿ ದೋಷವಿದ್ದರೆ ಅಥವಾ ಸೇವೆಯಲ್ಲಿ ಕೊರತೆ ಕಂಡರೆ ಮೊದಲು 1915 ಸಂಖ್ಯೆಗೆ ಕರೆಮಾಡಿ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗಾಗಿ, ನಾವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ಗೃಹಿಣಿಯರು ರಸೀತಿ ಮತ್ತು ವಾರಂಟಿ ಚೀಟಿಗಳನ್ನು ಒಂದೇ ಕಡೆ ಜೋಪಾನವಾಗಿಡಲಿ. ಸೇವಾಕೇಂದ್ರದವರು "ದುರಸ್ತಿಯಾಗದು" ಎಂದರೆ ಆ ಮಾತನ್ನು ಬರಹದಲ್ಲಿ ಕೇಳಿ ಪಡೆಯೋಣ. ದೂರಿಗೆ ಅದೇ ಆಧಾರ. ಹೊಸದನ್ನು ಕೊಳ್ಳುವಾಗ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆಂದು ವಿಚಾರಿಸೋಣ. ವಾರಂಟಿ ಮುಗಿದ ಹಳೆಯ ವಸ್ತುವನ್ನು ಎಸೆಯುವ ಮುನ್ನ ನಮ್ಮೂರಿನ ದುರಸ್ತಿಗಾರರಿಗೆ ಒಮ್ಮೆ ತೋರಿಸೋಣ.